ಅಮಾಸಿ ದಿನದ ಕರೆಂಟು

ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಬೆಳ್ಳುಳ್ಳಿ ಇಡುವ ಪ್ಲಾಸ್ಟಿಕ್ ಡಬ್ಬಿಯೊಂದಿದೆ. ಅದರ ಮಗ್ಗುಲಿಗೆ ಮೂರು ತೂತು, ಮುಚ್ಚಳದಲ್ಲಿ ಚೌಕಾಕಾರದ ಒಂದು ಕಿಟಕಿ. ಗಾಳಿ ಚೆನ್ನಾಗಿ ಆಡುವುದರಿಂದ ಬೆಳ್ಳುಳ್ಳಿ ಕೆಡುವುದಿಲ್ಲ. ಮನೆಗೆ ಬಂದ ಹೆಣ್ಣುಮಕ್ಕಳು "ಇಂಥಾ ಡಬ್ಬಿ ಎಲ್ಲೆ ಸಿಗತಾವ್ರಿ?" ಎಂದು ಕೇಳುತ್ತಾರೆ. ಎಲ್ಲಿಯೂ ಸಿಗುವುದಿಲ್ಲ. ಅದು ಒಂದು ಕಾಲಕ್ಕೆ ವಿದ್ಯುತ್ ಅಳೆಯುವ ಯಂತ್ರವಾಗಿತ್ತು. ಮಾಡಿದವಳು ನಾನೇ. ಅದರ ಮಾತು ಕೇಳಿ ಮೋರಟಗಿಯಲ್ಲಿ ಒಬ್ಬ ಒಳ್ಳೆಯ ಮನುಷ್ಯನ ಕೆಲಸ ಹೋಗಿತ್ತು, ಮಾನವೂ ಅದರ ಹಿಂದೆಯೇ ಹೊರಟಿತ್ತು.

ಮೀಟರ್ ಪರೀಕ್ಷೆಯ ವಿಭಾಗಕ್ಕೆ ಹೊಸದಾಗಿ ಸೇರಿದವರು ಆಗಾಗ ಫೋನ್ ಮಾಡಿ, "ಮೇಡಂ, ನಿಮ್ಮ ಅನುಭವ ಬರೆದುಕೊಡಿ" ಎನ್ನುತ್ತೀರಿ. ಬಡ್ತಿ, ವರ್ಗಾವಣೆಗಳ ಕಥೆ ಹೇಳಿದರೆ ನಿಮಗೆ ನಿದ್ದೆ ಬರುತ್ತದೆ, ನನಗೆ ಸಿಟ್ಟು ಬರುತ್ತದೆ. ಅದನ್ನು ಬಿಟ್ಟು ಈ ಡಬ್ಬಿಯ ಕಥೆ ಬರೆಯುತ್ತೇನೆ. ನಿಮಗೆ ಈ ಕೆಲಸ ಎಂಥದ್ದು ಎಂಬುದು ಅದರಲ್ಲೇ ತಿಳಿಯುತ್ತದೆ.

ನಾನು ಇಂಡಿಯಲ್ಲಿ ಕೆಲಸಕ್ಕೆ ಸೇರಿದಾಗ ಮೀಟರಿನೊಳಗೆ ಅಲ್ಯೂಮಿನಿಯಂ ತಟ್ಟೆ ತಿರುಗುತ್ತಿತ್ತು. ತಟ್ಟೆಯ ಅಂಚಿಗೆ ಒಂದು ಗುರುತು. ಗಿರಣಿ ಚಾಲೂ ಮಾಡಿಸಿ, ಸ್ಟಾಪ್‌ವಾಚ್ ಹಿಡಿದು, ಆ ಗುರುತು ಎಷ್ಟು ಸಲ ಕಣ್ಣೆದುರಿಗೆ ಬಂತು ಎಂದು ಎಣಿಸುವುದೇ ಪರೀಕ್ಷೆ. ಒಂದನೆಯ ಇಯತ್ತೆ ಪಾಸಾದವರೂ ಮಾಡಬಹುದಾದ ಕೆಲಸ, ಗಿರಣಿಯವರು ಎಣಿಸಲು ಬಿಟ್ಟರೆ! ನಾನು ಹೋಗಿ ನಿಂತ ಕೂಡಲೇ ಮೊದಲು "ಸಾಹೇಬ್ರು ಯಾವಾಗ ಬರ್ತಾರ್ರಿ?" ಎಂದು ಕೇಳುತ್ತಿದ್ದರು. ನಾನೇ ಬಂದಿದ್ದೇನೆ ಎಂದಮೇಲೆ ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಕ್ಕಳನ್ನು ಕರೆಯುವ ಹಾಗೆ "ಬಾಯಾರ" ಎಂದು ಕರೆದು ಮಾತಿಗೆಳೆಯುತ್ತಿದ್ದರು.

ಇಂಡಿಯ ಒಬ್ಬ ಹಿಟ್ಟಿನ ಗಿರಣಿಯವನಂತೂ ಇದರಲ್ಲಿ ಪಳಗಿದ್ದ. ನಾನು ಗಟ್ಟಿಯಾಗಿ ಎಣಿಸುತ್ತಿದ್ದೆ. "ಹತ್ತು... ಹನ್ನೊಂದು..."

"ಬಾಯಾರ, ನಿಮ್ಮ ಮನಿಯಾಗ ಎಷ್ಟ ಮಂದಿ ಅದೀರ್ರಿ?"

"ಹನ್ನೆರಡು..."

"ಹನ್ನೆರಡ ಮಂದೀನ್ರಿ! ಅವ್ವ ಅವ್ವ, ಅಷ್ಟೂ ಮಂದಿಗೆ ರೊಟ್ಟಿ ಬಡದು ಇಲ್ಲಿಗೂ ಬರ್ತೀರಿ?"

ನಕ್ಕುಬಿಟ್ಟೆ. ಎಣಿಕೆ ತಪ್ಪಿತು. ಮೊದಲಿನಿಂದ ಸುರು. ಅವನು ಈ ಸಲ ಲಿಂಬೆಹಣ್ಣಿನ ದರ ಕೇಳಿದ. ಆ ಮಧ್ಯಾಹ್ನ ಬಹಳ ಹೊತ್ತು ನಾನು ಹನ್ನೆರಡನ್ನು ದಾಟಲೇ ಇಲ್ಲ, ಕೊನೆಗೆ ಅವನ ಬಾಯಿ ಮುಚ್ಚಲೆಂದು ನನ್ನ ಬುತ್ತಿಯ ರೊಟ್ಟಿಯನ್ನೇ ಕೊಟ್ಟು ಕೂರಿಸಿ ಎಣಿಸಿ ಮುಗಿಸಿದೆ.

ಮುಂದೆ ತಟ್ಟೆಯ ಮೀಟರು ಹೋಗಿ ಎಲೆಕ್ಟ್ರಾನಿಕ್ ಮೀಟರು ಬಂತು. ಒಳಗೆ ತಿರುಗುವುದು ಏನೂ ಇಲ್ಲ, ಒಂದು ಕೆಂಪು ದೀಪ ಮಿಣುಕುತ್ತದೆ ಅಷ್ಟೆ. ಜನರಿಗೆ ಅನುಮಾನ. "ಮೊದಲ ತಿರಗೂದರೆ ಕಾಣತಿತ್ತು. ಈಗ ಒಳಗ ಏನ್ ನಡದೈತಿ ಯಾರಿಗ್ಗೊತ್ರಿ?" ಎನ್ನುತ್ತಿದ್ದರು. ನಿಜ ಹೇಳಬೇಕೆಂದರೆ ಅದೇ ಅನುಮಾನ ನನಗೂ ಇತ್ತು. ಒಳಗೆ ಏನು ನಡೆದಿದೆ ಎಂದು ತಿಳಿಯದೆ ಅದರ ಮೇಲೆ ಸೀಲು ಒತ್ತಿ ಬರುವುದು ನನ್ನ ಜಾಯಮಾನಕ್ಕೆ ಒಗ್ಗಲಿಲ್ಲ.

ಮುದ್ದೇಬಿಹಾಳದಲ್ಲಿದ್ದಾಗ ಅದಕ್ಕೊಂದು ದಾರಿ ಸಿಕ್ಕಿತು. ನನ್ನ ತಂಗಿಯ ಮಗಳು ಡಿಪ್ಲೊಮಾದಲ್ಲಿ ಪ್ರಾಜೆಕ್ಟಿಗೆಂದು ಒಂದು ಮೈಕ್ರೋಕಂಟ್ರೋಲರ್ ಬೋರ್ಡು ತಂದಿದ್ದಳು. ಅಂಗೈಯಗಲದ ನೀಲಿ ಹಲಗೆ. ಅಂಕ ಬಂದ ಮರುದಿನವೇ ಅದು ಹಳೆಯ ಪಾತ್ರೆಗಳ ಜೊತೆ ಅಟ್ಟ ಸೇರಿತ್ತು. ನಾನು ಇಳಿಸಿಕೊಂಡೆ. "ದೊಡ್ಡವ್ವ, ಅದು ನಿನಗ ತಿಳಿಯಂಗಿಲ್ಲ" ಎಂದಳು. ಆ ಒಂದು ಮಾತಿನ ಮೇಲೆ ನಾನು ಕಲಿತೆ. ಅದಕ್ಕೆ ತಂತಿ ಕಡಿಯದೆ ಸುತ್ತ ತಬ್ಬಿಕೊಂಡು ಕರೆಂಟು ಅಳೆಯುವ ಒಂದು ಕ್ಲಾಂಪು ಜೋಡಿಸಿ, ಅಂಕಿ ತೋರಿಸುವ ಪರದೆ ಕೂರಿಸಿ, ಎಲ್ಲವನ್ನೂ ನನ್ನ ಬುತ್ತಿಯ ಡಬ್ಬಿಯೊಳಗೆ ಸೇರಿಸಿದೆ. ನಮ್ಮ ಲೈನ್‌ಮನ್ ಹಣಮಂತ ಮೊದಲ ದಿನ ಅದನ್ನು ತೆರೆದು ನೋಡಿ, "ಬಾಯಾರ, ಪಲ್ಯಾ ಎಲ್ಲೈತ್ರಿ?" ಎಂದ.

ಆಗ ನಮ್ಮ ಮೇಲಧಿಕಾರಿ ಮೈಸೂರು ಕಡೆಯವರು. ತುಂಬ ಮೆತ್ತನೆಯ ಮನುಷ್ಯ. ನಮ್ಮ ಮಂದಿ "ಯಾಕ್ರಿ, ಏನ್ರಿ" ಎಂದರೂ ಜಗಳಕ್ಕೆ ಬಂದರೆಂದು ತಿಳಿದು ಕುರ್ಚಿಯಿಂದ ಅರ್ಧ ಏಳುತ್ತಿದ್ದರು. ಅವರದೊಂದು ನಂಬಿಕೆಯಿತ್ತು. ಯಾವ ಸಂಖ್ಯೆಯಲ್ಲಿ ದಶಮಾಂಶ ಬಿಂದುವಿನ ಮುಂದೆ ಮೂರು ಅಂಕಿಗಳಿರುತ್ತವೆಯೋ ಅದು ಸತ್ಯ. ನಾನು ಡಬ್ಬಿಯನ್ನು ಅವರ ಮೇಜಿನ ಮೇಲಿಟ್ಟೆ. ಪರದೆಯ ಮೇಲೆ ಬಿಂದುವಿನ ಮುಂದೆ ಮೂರು ಅಂಕಿಗಳಿದ್ದ ಸಂಖ್ಯೆ ಮೂಡಿತು.

"ಅದ್ಭುತ ಕಣ್ರೀ ಮಹಾದೇವಿಯವರೇ! ಎಷ್ಟು ಕರಾರುವಾಕ್ಕಾಗಿ ತೋರಿಸ್ತಾ ಇದೆ!"

"ಸರ್, ಇನ್ನೂ ಕ್ಲಾಂಪ್ ಯಾವ ತಂತಿಗೂ ಹಾಕಿಲ್ರಿ."

"ಪರವಾಗಿಲ್ಲ. ತೋರಿಸ್ತಾ ಇದೆಯಲ್ಲ!"

ಏನೂ ಜೋಡಿಸದಿದ್ದಾಗಲೂ ಈ ಬೋರ್ಡು ಗಾಳಿಯಲ್ಲಿದ್ದ ಗದ್ದಲವನ್ನೇ ಹಿಡಿದು ಏನಾದರೊಂದು ಅಂಕಿ ಒದರುತ್ತದೆ. ಹೊಸಬರು ಇದನ್ನು ನೆನಪಿಡಬೇಕು. ಸಾಹೇಬರು ನೆನಪಿಡಲಿಲ್ಲ. ಅವತ್ತಿನಿಂದ ಕಂಡ ಕಂಡವರಿಗೆಲ್ಲ ನನ್ನ ಡಬ್ಬಿಯನ್ನು ಹೊಗಳುತ್ತ ಬಂದರು. ಹೊಗಳಿಕೆ ನನಗೂ ಬೇಡವಾಗಿರಲಿಲ್ಲ.

ನಾನು ಸಿಂದಗಿಗೆ ಬಂದ ಮೇಲೂ ಅವರೇ ಮೇಲಧಿಕಾರಿ. ಹಣಮಂತನ ಊರು ಆ ಕಡೆಯದೇ, ಅವನೂ ವರ್ಗವಾಗಿ ಬಂದಿದ್ದ. ಸಿಂದಗಿ ತಾಲೂಕಿನ ಮೋರಟಗಿಯಲ್ಲಿ ಗುರುಪಾದಪ್ಪ ಸಾವಕಾರರದು ತೊಗರಿಬೇಳೆಯ ಗಿರಣಿ. ಸಾವಕಾರರು ಬೇಗ ಸಿಟ್ಟಿಗೆ ಬರುವವರು, ಅಷ್ಟೇ ಬೇಗ ಊಟಕ್ಕೆ ಕರೆಯುವವರು. ಎರಡನ್ನೂ ಒಂದೇ ದನಿಯಲ್ಲಿ ಮಾಡುತ್ತಿದ್ದರಿಂದ ಯಾವುದು ಯಾವುದೆಂದು ತಿಳಿಯುತ್ತಿರಲಿಲ್ಲ. ಅವರ ತಾಯಿ ಗಂಗವ್ವ. ಊರಿಗೆಲ್ಲ "ಆಯಿ". ಗಿರಣಿ ನಡೆಸುವವನು ಲಾಲಸಾಬ. ಸಾವಕಾರರ ತಂದೆಯ ಕಾಲದಿಂದ ಅದೇ ಗಿರಣಿಯಲ್ಲಿ ಇದ್ದವನು, ಮಾತು ಕಡಿಮೆ. ಬೆಲ್ಟಿನ ಸಪ್ಪಳ ಕೇಳಿಯೇ ಎಲ್ಲಿ ಎಣ್ಣೆ ಬೇಕು ಎಂದು ಹೇಳುತ್ತಿದ್ದ. ಗಿರಣಿಯ ಚಾವಿ ಅವನ ಉಡದಾರಕ್ಕೇ ಇರುತ್ತಿತ್ತು.

ಆ ಗಿರಣಿಯ ಪವರ್ ಫ್ಯಾಕ್ಟರ್ ಕೆಟ್ಟಿತ್ತು. ಹೊಸಬರಿಗಾಗಿ ಇದನ್ನು ಹೇಳಿಬಿಡುತ್ತೇನೆ. ತೊಗರಿ ಚೀಲವನ್ನು ಲಾರಿಗೆ ಏರಿಸುವ ಇಬ್ಬರು ಹಮಾಲರನ್ನು ನೋಡಿದ್ದೀರಲ್ಲ? ಇಬ್ಬರೂ ಒಂದೇ ಗಳಿಗೆಗೆ ಎತ್ತಿದರೆ ಚೀಲ ಏರುತ್ತದೆ. ಒಬ್ಬ ಹಿಂದೆ ಬಿದ್ದರೆ ಇಬ್ಬರೂ ಬೆವರುತ್ತಾರೆ, ಕೆಲಸ ಅರ್ಧವಾಗುತ್ತದೆ. ವೋಲ್ಟೇಜು, ಕರೆಂಟು ಎನ್ನುವವು ಈ ಇಬ್ಬರು ಹಮಾಲರು. ಮೋಟರಿನಲ್ಲಿ ಕರೆಂಟು ಹಿಂದೆ ಬೀಳುತ್ತದೆ. ಅದನ್ನು ಮುಂದಕ್ಕೆ ನೂಕಲು ಕೆಪಾಸಿಟರ್ ಹಾಕುತ್ತೇವೆ. ಆಗ ಅದೇ ಬೇಳೆ ಒಡೆಯಲು ತಂತಿಯಲ್ಲಿ ಕಡಿಮೆ ಕರೆಂಟು ಸಾಕಾಗುತ್ತದೆ.

ನಾನು ಹೇಳಿದೆನೆಂದು ಸಾವಕಾರರು ಹೊಸ ಕೆಪಾಸಿಟರ್ ಪೆಟ್ಟಿಗೆ ತರಿಸಿದರು. ಆಳೆತ್ತರದ ಕಬ್ಬಿಣದ ಕಪಾಟು, ಹಣೆಯ ಮೇಲೆ ಕುಂಕುಮದಷ್ಟು ಕೆಂಪು ದೀಪ. ಅದು ಬಂದ ದಿನ ಆಯಿ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಕೈ ಮುಗಿದು ಹೋದಳು. ನಾವು ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಎಷ್ಟು ಸುಧಾರಿಸಿತು ನೋಡೋಣ ಎಂದು ನಾನು ಡಬ್ಬಿಯ ಕ್ಲಾಂಪನ್ನು ಗಿರಣಿಗೆ ಬರುವ ತಂತಿಗೆ ಕಚ್ಚಿಸಿ ಒಂದು ತಿಂಗಳು ಅಲ್ಲಿಯೇ ಬಿಟ್ಟೆ. ಆಗಿನ್ನೂ ಅದು ಕರೆಂಟನ್ನು ಮಾತ್ರ ಅಳೆದು, ವೇಳೆಯ ಸಮೇತ ಒಂದು ಮೆಮೊರಿ ಚಿಪ್ಪಿನಲ್ಲಿ ಕೂಡಿಡುತ್ತಿತ್ತು.

ತಿಂಗಳ ಮೇಲೆ ಬಂದು ಸಾವಕಾರರ ಎದುರಿಗೇ ಲೆಕ್ಕವನ್ನು ಲ್ಯಾಪ್‌ಟಾಪಿನಲ್ಲಿ ತೆರೆದೆ. ಕರೆಂಟು ಚೆನ್ನಾಗಿ ಇಳಿದಿತ್ತು. ಸಾವಕಾರರಿಗೆ ಖುಷಿ. ಆಯಿ ಎಂದಿನಂತೆ ಶೇಂಗಾ ಹೋಳಿಗೆ ಕಳಿಸಿದ್ದಳು. ಹೋಳಿಗೆ ತಿನ್ನುತ್ತ ನಾನು, "ಅಮಾಸಿ ದಿನಾನೂ ಗಿರಣಿ ನಡಸೀರೇನ್ರಿ ಸಾವಕಾರ್ರ?" ಎಂದು ಕೇಳಿದೆ. ಆ ದಿನದ ಕರೆಂಟಿನ ಗೆರೆ ಪರದೆಯ ಮೇಲೆ ಕಣ್ಣೆದುರಿಗೇ ಇತ್ತಲ್ಲ.

ಸಾವಕಾರರು ಹುಬ್ಬು ಗಂಟಿಕ್ಕಿದರು. "ಹುಚ್ಚ ಹಿಡದೈತೇನ್ರಿ? ನಮ್ಮಪ್ಪನ ಕಾಲದಿಂದ ಅಮಾಸಿಗೆ ಬಂದ್."

ನಮ್ಮ ಕಡೆ ಅಮಾವಾಸ್ಯೆ ಎಂದರೆ ಯಂತ್ರಗಳಿಗೆ ಸೂಟಿ. ಗಿರಣಿ, ಲಾರಿ, ಟ್ರ್ಯಾಕ್ಟರ್ ಎಲ್ಲವನ್ನೂ ತೊಳೆದು ಪೂಜೆ ಮಾಡಿ ಕಾಯಿ ಒಡೆಯುತ್ತಾರೆ. ಆ ಗಿರಣಿಯಲ್ಲಿ ಯಂತ್ರ ಓಡಿಸುವ ಕೈಯೇ ಕಾಯಿ ಒಡೆಯಬೇಕೆಂಬುದು ಆಯಿಯ ಕಟ್ಟುಪಾಡು. ಹಾಗಾಗಿ ಯಾವಾಗಲೂ ಒಡೆಯುತ್ತಿದ್ದವನು ಲಾಲಸಾಬನೇ.

"ಕರೆಂಟ್ ಇಡೀ ದಿನ ಹರದೈತ್ರಿ," ಎಂದೆ. "ಮೇನ್ ಬಂದ್ ಇತ್ತೇನ್ರಿ?"

"ಬಂದ್ ಅಂದ್ರ ಬಂದ್! ಅಮಾಸಿ ದಿನ ನಮ್ಮಲ್ಲೆ ಯಾರೂ ಬಟನ್ ಮುಟ್ಟಂಗಿಲ್ಲ."  ಸಾವಕಾರರ ಮುಖ ಕೆಂಪಗಾಯಿತು. "ಚಾವಿ ಲಾಲಸಾಬನ ಕಡೆ ಇತ್ತು. ನಮಗೆಲ್ಲ ಅಮಾಸಿ, ಅವಗೇನ? ಮಂದೀ ತೊಗರಿ ತಂದು ಒಡದ ಕೊಟ್ಟಾನ."

ನಾನು ಬೇಡ ಬೇಡವೆನ್ನುತ್ತಿರುವಾಗಲೇ ಲಾಲಸಾಬನನ್ನು ಒಳಗೆ ಕರೆದರು. ಡಬ್ಬಿ ತೋರಿಸಿದರು. ಅವನು ಡಬ್ಬಿಯನ್ನು ನೋಡಿದ, ನನ್ನನ್ನು ನೋಡಿದ.

"ನಾ ಏನೂ ಮಾಡಿಲ್ರಿ ಸಾವಕಾರ್ರ," ಎಂದ.

"ಮತ್ತ ಕರೆಂಟ್ ತಾನ ಹರೀತೇನು?"

"ನಾ ಏನೂ ಮಾಡಿಲ್ರಿ."

ಅಷ್ಟೇ. ಉಡದಾರದಿಂದ ಚಾವಿ ಬಿಚ್ಚಿ ತಕ್ಕಡಿಯ ಮೇಲಿಟ್ಟು ಹೋಗಿಬಿಟ್ಟ. ಅರ್ಧ ತಿಂದ ಹೋಳಿಗೆಯನ್ನು ನಾನು ತಾಟಿಗೆ ಹಾಕಿದೆ. ಅವತ್ತು ಬಂದಷ್ಟು ಸಂಕಟ ನನಗೆ ಇಡೀ ನೌಕರಿಯಲ್ಲಿ ಬಂದಿಲ್ಲ.

ಮೇಲಧಿಕಾರಿಗಳಿಗೆ ಮಾತ್ರ ಹಬ್ಬ. "ನೋಡಿದ್ರಾ? ನಿಮ್ಮ ಡಬ್ಬಿ ಕಳ್ಳನನ್ನ ಹಿಡೀತು! ಮುಂದಿನ ಮೀಟಿಂಗಿನಲ್ಲಿ ನೀವೇ ವೇದಿಕೆ ಮೇಲೆ ಬಂದು ವಿವರಿಸಬೇಕು." ನಾನು ಗಂಟಲು ನೋವೆಂದೆ. ಅವರು ಕಷಾಯ ಕಳಿಸಿಕೊಟ್ಟರು. ಎರಡನೆಯ ಸಲ ಕಾಲುನೋವೆಂದೆ. ಅದಕ್ಕೆ ಎಣ್ಣೆ ಬಂತು.

ಹಣಮಂತನಂತೂ ನನ್ನ ಜೊತೆ ಮಾತು ಬಿಟ್ಟಿದ್ದ. ಒಂದು ದಿನ ಜೀಪಿನಲ್ಲಿ ಹೋಗುವಾಗ ತಡೆಯಲಾರದೆ ಬಾಯಿ ತೆರೆದ. "ಬಾಯಾರ, ಲಾಲಸಾಬ್ ಅಮಾಸಿ ದಿನ ಸೈಕಲ್ ಸುದ್ದಾ ಹತ್ತಂಗಿಲ್ರಿ. ಗಾಲಿ ಐತಿ ಅಂದಮ್ಯಾಲೆ ಅದೂ ಯಂತ್ರನ ಅಂತಾನ. ಅವರಪ್ಪಾನೂ ಹಂಗ ಇದ್ದ. ಅಂಥಾವ ಗಿರಣಿ ನಡಸ್ತಾನೇನ್ರಿ? ಈಗ ಚಾದಂಗಡಿಗೂ ಬರವಲ್ಲ. ಮನಿ ಬಿಟ್ಟ ಹೊರಗ ಬೀಳವಲ್ಲ."

"ನಾ ಏನ್ ಮಾಡ್ಲೋ ಹಣಮಂತ? ಅಂಕಿ ಹಂಗ ಬಂದೈತಿ."

"ನಿಮ್ಮ ಡಬ್ಬಿ ಮೊದಲ ಸಾಹೇಬ್ರ ಟೇಬಲ್ ಮ್ಯಾಲ ಗಾಳಿ ಅಳದಿತ್ತಲ್ರಿ?"

ಈ ಮಾತಿಗೆ ನನಗೆ ಭಾರಿ ಸಿಟ್ಟು ಬಂತು. ಮನೆಗೆ ಬಂದು ಅದೇ ಸಿಟ್ಟಿನಲ್ಲಿ ಅಮಾವಾಸ್ಯೆಯ ಗೆರೆಯನ್ನು ಮತ್ತೊಮ್ಮೆ ತೆರೆದು ಕುಳಿತೆ. ಗಾಳಿ ಅಳೆದದ್ದಲ್ಲ, ಕರೆಂಟು ನಿಜವಾಗಿಯೂ ಹರಿದಿತ್ತು. ಆದರೆ ಗೆರೆ ಸಪಾಟಾಗಿತ್ತು. ಬೇಳೆ ಗಿರಣಿಯ ಗೆರೆ ಹಾಗಿರುವುದಿಲ್ಲ. ತೊಗರಿ ಸುರಿದಾಗ ಕರೆಂಟು ಏರುತ್ತದೆ, ಖಾಲಿಯಾದಾಗ ಇಳಿಯುತ್ತದೆ, ಚಾ ಕುಡಿಯಲು ನಿಲ್ಲಿಸಿದಾಗ ಬೀಳುತ್ತದೆ. ಇದು ಹಿಂದಿನ ಸಂಜೆಯಿಂದ ಮರುದಿನ ಬೆಳಗಿನವರೆಗೂ ಒರಳುಕಲ್ಲಿನ ಹಾಗೆ ಅಲ್ಲಾಡದೆ ಕೂತಿತ್ತು. ಚಾ ಕುಡಿಯದೆ, ಊಟ ಮಾಡದೆ, ಒಂದೇ ಸವನೆ ಬೇಳೆ ಒಡೆಯುವ ಕಳ್ಳ ನಮ್ಮ ಜಿಲ್ಲೆಯಲ್ಲಿ ಹುಟ್ಟಿಲ್ಲ.

ಕರೆಂಟು ಹರಿದಿದೆ ಎಂದರೆ ಕೆಲಸ ನಡೆದಿದೆ ಎಂದು ಅರ್ಥವಲ್ಲ. ಇದನ್ನು ನಾನೇ ಎಷ್ಟೋ ಜನರಿಗೆ ಪಾಠ ಮಾಡಿದ್ದೆ. ಹೋಳಿಗೆ ತಿನ್ನುವಾಗ ಮರೆತಿದ್ದೆ! ಕೆಲಸ ನಡೆದಿತ್ತೋ ಇಲ್ಲವೋ ತಿಳಿಯಬೇಕಾದರೆ ಇನ್ನೊಬ್ಬ ಹಮಾಲನನ್ನೂ ನೋಡಬೇಕು. ಡಬ್ಬಿಗೆ ಇನ್ನೊಂದು ತೂತು ಕೊರೆದು, ವೋಲ್ಟೇಜನ್ನು ಇಳಿಸಿ ತರುವ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಕೂರಿಸಿದೆ. ಬೋರ್ಡಿಗೆ ಹೊಸ ಪಾಠ ಹೇಳಿಕೊಟ್ಟೆ: ಕಣ್ಣು ಮಿಟುಕಿಸುವಷ್ಟರಲ್ಲಿ ಎರಡನ್ನೂ ಹತ್ತಾರು ಸಲ ನೋಡು, ಪ್ರತಿ ಸಲವೂ ವೋಲ್ಟೇಜನ್ನು ಕರೆಂಟಿನಿಂದ ಗುಣಿಸು, ಎಲ್ಲ ಕೂಡಿಸಿ ಸರಾಸರಿ ತೆಗೆ. ಇಬ್ಬರೂ ಕೂಡಿ ಎತ್ತಿದ್ದರೆ ಗುಣಾಕಾರ ಕೂಡುತ್ತ ಹೋಗುತ್ತದೆ. ಒಬ್ಬ ಎತ್ತುವಾಗ ಇನ್ನೊಬ್ಬ ಇಳಿಸಿದರೆ ಋಣ ಬರುತ್ತದೆ. ಒಂದು ಸುತ್ತಿನಲ್ಲಿ ಎತ್ತಿದ್ದೆಷ್ಟೋ ಇಳಿಸಿದ್ದೂ ಅಷ್ಟೇ ಆದರೆ ಉತ್ತರ ಸೊನ್ನೆ, ಕರೆಂಟು ಎಷ್ಟೇ ಇರಲಿ.

ಮುಂದಿನ ಅಮಾವಾಸ್ಯೆಗೆ ಮೊದಲು ಇದನ್ನು ಎಲ್ಲಾದರೂ ಪರೀಕ್ಷಿಸಬೇಕಿತ್ತು. ಬಸವನ ಬಾಗೇವಾಡಿಯ ಒಂದು ಎಣ್ಣೆ ಗಾಣಕ್ಕೆ ಹೋದೆ. ಗಾಣ ಗಡಗಡ ತಿರುಗುತ್ತಿದೆ, ಡಬ್ಬಿಯಲ್ಲಿ ವಿದ್ಯುತ್ತಿನ ಅಂಕಿಯ ಎಡಕ್ಕೆ ಒಂದು ಋಣ ಚಿಹ್ನೆ. ಗಾಣದವನು ನನ್ನ ಹೆಗಲ ಮೇಲಿಂದ ಇಣುಕಿ, "ಇದೇನ್ ಗೀಟ್ರಿ?" ಎಂದ. ನೀವು ನಮಗೆ ವಿದ್ಯುತ್ ಕೊಡುತ್ತಿದ್ದೀರಿ ಎಂದು ಅದರ ಅರ್ಥ ಎಂದು ನಾನು ಬುದ್ಧಿಯಿಲ್ಲದೆ ಹೇಳಿಬಿಟ್ಟೆ.

"ನಾ ಹೇಳ್ತಿದ್ನಿಲ್ರಿ! ನಮ್ಮ ಗಾಣ ಭಾಳ ಜೋರ್ ಐತಿ ಅಂತ! ಊರಿಗೆಲ್ಲ ನಾವ ಕೊಡಾಕತ್ತೇವೇನ್ರಿ ಹಂಗಾರ?"

ಕ್ಲಾಂಪನ್ನು ಹಿಂದುಮುಂದಾಗಿ ಹಾಕಿದ್ದೆ. ತಿರುಗಿಸಿ ಹಾಕಿದೊಡನೆ ಗೀಟು ಹೋಯಿತು. ಆದರೆ ಅವನ ತಲೆಯಿಂದ ಅದು ಹೋಗಲಿಲ್ಲ. ಮುಂದೆ ಎಷ್ಟೋ ದಿನ ಬಾಗೇವಾಡಿಯಲ್ಲಿ ಕರೆಂಟು ಹೋದಾಗಲೆಲ್ಲ ಮಂದಿ ಅವನ ಅಂಗಡಿಗೆ ಬಂದು, "ಯಾಕೋ, ಗಾಣ ನಿಂದರ್ಸಿಯೇನ?" ಎಂದು ಕೇಳುತ್ತಿದ್ದರಂತೆ. ಕ್ಲಾಂಪಿನ ಮೇಲೆ ಉಗುರುಬಣ್ಣದಿಂದ ಒಂದು ಬಾಣದ ಗುರುತು ಬರೆದುಕೊಂಡೆ.

ಅಮಾವಾಸ್ಯೆ ಬಂತು. ಮೀಟರ್ ವಿಭಾಗದವರಾರೂ ಆ ದಿನ ಗಿರಣಿಗಳ ಕಡೆ ಸುಳಿಯುವುದಿಲ್ಲ, ಯಂತ್ರಗಳೇ ನಿಂತಿರುವಾಗ ಅಳೆಯುವುದೇನನ್ನು? ನಾನೂ ನನ್ನ ನೌಕರಿಯಲ್ಲಿ ಹೋಗಿರಲಿಲ್ಲ. ಅವತ್ತು ಹಣಮಂತನನ್ನು ಕರೆದುಕೊಂಡು ಬೆಳಿಗ್ಗೆಯೇ ಮೋರಟಗಿಗೆ ಹೋದೆ. ಗಿರಣಿಯ ಚಾವಿ ಈಗ ಸಾವಕಾರರ ಸೊಂಟದಲ್ಲೇ ಇತ್ತು. ಒಂದು ತಿಂಗಳಿನಿಂದ ಗಿರಣಿಯನ್ನು ಅವರೇ ನಡೆಸುತ್ತಿದ್ದರು, ಹೆಬ್ಬೆರಳಿಗೆ ಪಟ್ಟಿ ಸುತ್ತಿತ್ತು.

ಒಳಗೆ ಬೆಲ್ಟು ನಿಂತಿತ್ತು. ತೊಗರಿ ಸುರಿಯುವ ಬಾಯಿಯ ಮೇಲೆ ಒಂದು ಗುಬ್ಬಿ ಕೂತಿತ್ತು. ಡಬ್ಬಿಯನ್ನು ತಂತಿಗೆ ಜೋಡಿಸಿದೆ. ಪರದೆಯ ಮೇಲೆ ಹೋದ ತಿಂಗಳಿನಷ್ಟೇ ಕರೆಂಟು!

ಸಾವಕಾರರು ಹೌಹಾರಿದರು. "ಲಾಲ್ಯಾ ಇಲ್ಲೆಲ್ಲೋ ಅಡಗಿ ಕುಂತಾನ!" ಎಂದು ಚೀಲಗಳ ಹಿಂದೆ ನೋಡಿಬಂದರು.

"ಸಾವಕಾರ್ರ, ಚಾವಿ ನಿಮ್ಮ ಸೊಂಟದಾಗ ಐತಿ. ಬೆಲ್ಟ್ ನಿಂತೈತಿ. ಗಿರಣಿ ಯಾರ್ ನಡಸಾಕತ್ತಾರ್ರಿ? ಆ ಗುಬ್ಬಿ?" ಎಂದೆ. "ಈಗ ಎರಡನೇ ಅಂಕಿ ನೋಡ್ರಿ. ಇದು ಕೆಲಸದ ಅಂಕಿ."

ಅದು ಸೊನ್ನೆಯ ಹತ್ತಿರ ಕೂತಿತ್ತು. ಪವರ್ ಫ್ಯಾಕ್ಟರೂ ಅದರ ಮಗ್ಗುಲಿಗೇ ಸೊನ್ನೆಯ ಹತ್ತಿರ.

"ಕರೆಂಟ್ ಬಂದು ಕೆಲಸಾ ಮಾಡಲಾರದ ಹೋಗತೈತೇನ್ರಿ?"

"ಹೌದ್ರಿ. ಬರತೈತಿ, ಹೋಗತೈತಿ. ಏನೂ ಮಾಡಂಗಿಲ್ಲ."

"ನಿಮ್ಮ ಆಫೀಸಿನ್ಯಾವ್ರಂಗ?"

 ಕೆಪಾಸಿಟರ್ ಇದ್ದ ಮೂಲೆಗೆ ಹೋದೆ. ಕಬ್ಬಿಣದ ಕಪಾಟಿಗೆ ಅಡ್ಡ ವಿಭೂತಿ, ಚೆಂಡುಹೂವಿನ ಹಾರ, ಎದುರಿಗೆ ಎಡೆಯ ತಾಟು. ಹಣೆಯ ಮೇಲೆ ಕೆಂಪು ದೀಪ ಉರಿಯುತ್ತಿದೆ. ಪಕ್ಕದಲ್ಲಿ ಆಯಿ ಕಣ್ಣು ಮುಚ್ಚಿ ಕೂತಿದ್ದಾಳೆ.

"ಆಯಿ, ಇದನ್ನ ಚಾಲೂ ಇಡಂತ ಯಾರ್ ಹೇಳಿದ್ರಿ?"

"ನಾನ ಹೇಳೇನಿ. ಅಮಾಸಿ ದಿನ ದೀಪಾ ಆರಸ್ತಾರೇನವಾ? ಹಿಂದಿನ ದಿನಾನ ಹಚ್ಚಿಸಿಡ್ತೇನಿ. ಹೋದ ಅಮಾಸಿಗೆ ಲಾಲ್ಯಾನ ಕೈಲೆ ಹಚ್ಚಿಸಿದ್ನಿ, ಈ ಸಲ ಇವನ ಕೈಲೆ."

ದಿನಾ ಸಂಜೆ ಮೇನ್ ಸ್ವಿಚ್ಚು ತೆಗೆದರೆ ಆ ದೀಪವೂ ಆರುತ್ತಿತ್ತು. ಅಮಾವಾಸ್ಯೆಯ ಹಿಂದಿನ ಸಂಜೆ ಮಾತ್ರ ಆಯಿ ಆರಿಸಗೊಡುತ್ತಿರಲಿಲ್ಲ. ಆರಿಸದ ಮೇಲೆ, ಮರುದಿನ ಬಟನ್ ಮುಟ್ಟುವ ಹಾಗೇ ಇಲ್ಲ! ಸಾವಕಾರರು ಅವತ್ತು ಹೇಳಿದ್ದು ಸುಳ್ಳಾಗಿರಲಿಲ್ಲ. ಯಾರೂ ಬಟನ್ ಮುಟ್ಟುತ್ತಿರಲಿಲ್ಲ, ಬಂದ್ ಮಾಡುವ ಬಟನ್ನನ್ನೂ ಸೇರಿಸಿ. ಈ ಸಲ ಸ್ವತಃ ತಾವೇ ಹಚ್ಚಿಟ್ಟು ಹೋಗಿದ್ದರೂ ಅದು ಅವರ ಲೆಕ್ಕದಲ್ಲಿ ದೀಪವಾಗಿತ್ತೇ ಹೊರತು ಕರೆಂಟಾಗಿರಲಿಲ್ಲ. ಲಾಲಸಾಬನ ಲೆಕ್ಕದಲ್ಲಿಯೂ ಅಷ್ಟೇ. ತೊಗರಿ ಒಡೆದೆಯಾ ಎಂದು ಕೇಳಿದರೆ ದೀಪ ಹಚ್ಚಿದ್ದೆ ಎಂದು ಯಾರು ಹೇಳುತ್ತಾರೆ?

"ಆಯಿ, ಇದನ್ನ ಒಂದ ಸಲ ಬಂದ್ ಮಾಡಿ ತೋರಸ್ಬೇಕ್ರಿ."

"ಬಿಡಂಗಿಲ್ಲ."

"ಲಾಲಸಾಬ್ ತಪ್ಪ ಮಾಡಿಲ್ಲಂತ ಇದರಿಂದ ತಿಳೀತೈತ್ರಿ."

ಆಯಿ ಕಣ್ಣು ತೆರೆದಳು. "ಅಂವ ತಪ್ಪ ಮಾಡಿಲ್ಲಂತ ತಿಳೀಲಿಕ್ಕ ಡಬ್ಬಿ ಬೇಕೇನ? ನಾ ತಿಂಗಳಾತು ಬಡಕೊಳ್ಳಾಕತ್ತೇನಿ, ಈ ನನ್ಮಗ ಕೇಳವಲ್ಲ." ಮಗನತ್ತ ಒಮ್ಮೆ ನೋಡಿ, ಸ್ವಲ್ಪ ಯೋಚಿಸಿದಳು. "ಆತು. ಆದ್ರ ಮೊದಲ ಇದರಿಂದ ಇನ್ನೊಂದ ದೀಪಾ ಹಚ್ಗೋತೇನಿ. ಆಮ್ಯಾಲ ಆರ್ಸು."

ಎಣ್ಣೆಬತ್ತಿ ತಂದು ಕೆಂಪು ದೀಪದ ಗಾಜಿಗೆ ಹಿಡಿದಳು. ಬಹಳ ಹೊತ್ತು ಹಿಡಿದಳು. "ಹತ್ತವಲ್ದಲ್ಲ?" ಎಂದಳು. ಹಣಮಂತ ಅತ್ತ ತಿರುಗಿ ನಿಂತು ಭುಜ ಕುಣಿಸುತ್ತಿದ್ದ. ಕೊನೆಗೆ ನಾನು ಮರೆಯಲ್ಲಿ ಕಡ್ಡಿ ಗೀರಿ ಬತ್ತಿಗೆ ತಾಗಿಸಿದೆ. ಆಯಿಗೆ ಅದು ಕಾಣಲಿಲ್ಲವೋ, ಕಂಡೂ ಕಾಣದಂತೆ ಇದ್ದಳೋ ನನಗೆ ಇಂದಿಗೂ ತಿಳಿಯದು.

ಕಪಾಟಿನ ಸ್ವಿಚ್ಚು ತೆಗೆದೆ. ಡಬ್ಬಿಯ ಪರದೆಯ ಮೇಲೆ ಕರೆಂಟೂ ಸೊನ್ನೆಯಾಯಿತು. ಮೋಟರು ನಿಂತಿದ್ದರೂ ಕರೆಂಟನ್ನು ಎಳೆದು ಹಾಗೆಯೇ ಹಿಂದಕ್ಕೆ ನೂಕುತ್ತಿದ್ದುದು ಆ ಪೆಟ್ಟಿಗೆಯೇ.

ಸಾವಕಾರರು ಪರದೆಯನ್ನು ನೋಡುತ್ತಲೇ ನಿಂತರು.  ಆಮೇಲೆ ಅಂಗಳಕ್ಕೆ ಹೋದರು, ಬೈಕಿನ 'ಕಿಕ್' ಮೇಲೆ ಕಾಲಿಟ್ಟರು, ಅಮಾವಾಸ್ಯೆಯೆಂದು ನೆನಪಾಗಿ ಕಾಲು ತೆಗೆದರು. ಆ ಬಿಸಿಲಿನಲ್ಲಿ, ಆ ಮೈಯಲ್ಲಿ, ಊರ ಆ ತುದಿಯವರೆಗೆ ನಡೆದೇ ಹೋದರು.

ಬಹಳ ಹೊತ್ತಿನ ಮೇಲೆ ಇಬ್ಬರೂ ಬಂದರು. ಸಾವಕಾರರು ಮುಂದೆ ಬೆವರಿನಲ್ಲಿ ತೊಯ್ದು, ಲಾಲಸಾಬ ನಾಲ್ಕು ಮಾರು ಹಿಂದೆ. ದಾರಿಯಲ್ಲಿ ಏನು ಮಾತಾಯಿತೋ ಕೇಳಲಿಲ್ಲ. ಲಾಲಸಾಬ ಸೊರಗಿದ್ದ, ಗಡ್ಡ ಬೆಳೆದಿತ್ತು. ಹೊಸ್ತಿಲ ಹೊರಗೇ ನಿಂತ. ಸಾವಕಾರರು ಸೊಂಟದಿಂದ ಚಾವಿ ತೆಗೆದು, ಆಯಿಯ ತಾಟಿನಲ್ಲಿದ್ದ ತೆಂಗಿನಕಾಯಿಯ ಜೊತೆ ಹಿಡಿದು, ಎರಡನ್ನೂ ಅವನ ಮುಂದೆ ಚಾಚಿದರು.

"ಒಡಿಯಪಾ," ಎಂದರು. ದನಿ ಮೆತ್ತಗಿತ್ತು. "ನನ್ನ ಕೈಲೆ ಒಡದ್ರ ಗಿರಣಿ ಸೈತ ನಗತೈತಿ. ತಪ್ಪ ನಂದು."

ಲಾಲಸಾಬ ಕೈ ಚಾಚಲಿಲ್ಲ. ನನ್ನ ಕಡೆ ನೋಡಿದ. "ಬಾಯಾರ, ಅವತ್ತ ನಿಮ್ಮ ಡಬ್ಬಿ ಸುಳ್ಳ ಹೇಳಿತ್ತೇನ್ರಿ?"

"ಇಲ್ಲಪಾ. ಅರ್ಧಾ ಹೇಳಿತ್ತು. ಉಳದರ್ಧ ನಾವ ಊಹೆ ಮಾಡಿದ್ವಿ."

"ಹಂಗಾರ ಅದನ್ನ ತಂದು ಇಲ್ಲೆ ಮುಂದ ಇಡ್ರಿ. ಈ ಅಮಾಸಿಗೆ ನಾ ಏನ್ ಮಾಡ್ತೇನಿ ಅಂತ ಪೂರಾ ನೋಡ್ಲಿ."

 ತಂತಿ ಬಿಚ್ಚಿ, ಡಬ್ಬಿಯನ್ನು ತಂದು ಗಿರಣಿಯ ಪಾದದ ಬಳಿ ಇಟ್ಟೆ. ಒಳಗೆ ಬ್ಯಾಟರಿ ಇದ್ದುದರಿಂದ ಪರದೆ ಇನ್ನೂ ಬೆಳಗುತ್ತಿತ್ತು, ಏನೂ ಜೋಡಿಸದಿದ್ದರೂ ಮೂರು ಅಂಕಿ ತೋರಿಸುತ್ತಿತ್ತು. ಲಾಲಸಾಬ ಚಾವಿಯನ್ನು ಉಡದಾರಕ್ಕೆ ಕಟ್ಟಿಕೊಂಡ. ಕಾಯಿಯನ್ನು ಕೈಯಲ್ಲಿ ಎರಡು ಸಲ ತೂಗಿ ನೋಡಿ, ಕಲ್ಲಿಗೆ ಒಂದೇ ಏಟು ಹಾಕಿದ. ಕಾಯಿ ಸರಿಯಾಗಿ ಎರಡು ಹೋಳಾಯಿತು. ಎಳನೀರಿನ ಹಾಗೆ ನೀರು ತುಂಬಿದ್ದ ಕಾಯಿ. ನೀರು ಚಿಮ್ಮಿ ಡಬ್ಬಿಯ ಮೂರೂ ತೂತುಗಳಿಂದ ಒಳಗೆ ಹೋಯಿತು. ಚಿಟ್ ಎಂದು ಒಂದು ಸಣ್ಣ ಸಪ್ಪಳ, ಸ್ವಲ್ಪ ಹೊಗೆ. ಪರದೆ ಆರಿಹೋಯಿತು.

ಎಲ್ಲರೂ ಡಬ್ಬಿಯನ್ನೇ ನೋಡಿದೆವು. ಸಾವಕಾರರು ನನ್ನನ್ನು ನೋಡಿದರು. ಆಯಿ, "ಅದರ ದೀಪಾನೂ ಆರ್ತು," ಎಂದಳು.

ಲಾಲಸಾಬ ಎರಡೂ ಕೈಗಳಲ್ಲಿ ಕಾಯಿಯ ಹೋಳು ಹಿಡಿದುಕೊಂಡು ಬಗ್ಗಿ ಡಬ್ಬಿಯನ್ನು ಪರೀಕ್ಷಿಸಿದ. ತಲೆ ಎತ್ತಿದಾಗ ಅವನ ಗಡ್ಡದೊಳಗೆ ನಗು ಇಣುಕುತ್ತಿತ್ತು.

"ನಾ ಏನೂ ಮಾಡಿಲ್ರಿ ಬಾಯಾರ," ಎಂದ.